ಹುಣ್ಣಿವಿ ರೊಟ್ಟಿಯ ಸವಾಲು

ಉಗರಗೋಳದ ರಾಯವ್ವ ಹಾಡಲು ಬಾಯಿ ತೆರೆದಳೆಂದರೆ ನವಿಲುತೀರ್ಥದ ಅಣೆಕಟ್ಟಿನ ನೀರು ಒಂದು ಗೇಣು ಮೇಲೇರುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಹೇಳುವವರಲ್ಲಿ ನಾನೇ ಮೊದಲಿಗ, ಆದ್ದರಿಂದ ಸಾಕ್ಷಿ ಕೇಳಬೇಡಿ. ಬೆಳಿಗ್ಗೆ ಎದ್ದು ಅವಳು ಗಂಟಲು ಸರಿ ಮಾಡಿಕೊಳ್ಳಲು ಒಮ್ಮೆ ಕೆಮ್ಮಿದರೆ ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿ ತೂಕಡಿಸುತ್ತಿದ್ದ ಕಂಡಕ್ಟರ್ ಗಡಬಡಿಸಿ ಎದ್ದು 'ರೈಟ್ ರೈಟ್' ಅನ್ನುತ್ತಾನೆ. ಡ್ರೈವರ್ ಇನ್ನೂ ಚಹಾ ಕುಡಿಯುತ್ತಿದ್ದರೂ ಬಸ್ಸು ತಾನೇ ಹೊರಟುಬಿಡುತ್ತದೆ.

ಇಷ್ಟಂತೂ ನಿಜ: ಯಲ್ಲಮ್ಮನ ಗುಡ್ಡದ ಕೆಳಗೆ ಕುಂಕುಮ, ಭಂಡಾರದ ಅರಿಶಿನ ಮಾರುವ ಅಂಗಡಿಗಳ ಸಾಲಿನಲ್ಲಿ ಅವಳದೂ ಒಂದು. ವಯಸ್ಸು ಅರವತ್ತರ ಆಸುಪಾಸು. ಆಧಾರ್ ಕಾರ್ಡು ಒಂದು ಹೇಳುತ್ತದೆ, ಅವಳು ಇನ್ನೊಂದು, ಅವಳ ಮೊಣಕಾಲು ಮತ್ತೊಂದು. ಗಂಡ ಶಟ್ಟೆಪ್ಪ ತುಂತುಣಿ ಬಾರಿಸುತ್ತಾನೆ. ಒಂದೇ ತಂತಿಯ ವಾದ್ಯ, ಒಂದೇ ಮಾತಿನ ಮನುಷ್ಯ. ಅವನು "ಹೂಂ" ದಾಟಿ ಮುಂದೆ ಹೋದದ್ದನ್ನು ಕೇಳಿದವರು ಯಾರೂ ಈಗ ಬದುಕಿಲ್ಲ. ಹಿಮ್ಮೇಳಕ್ಕೆ ಪಕ್ಕದ ಬಳೆ ಅಂಗಡಿಯ ಜುಬೇದಾಬಿ. ರಾಯವ್ವ ಮುಂದೆ ಪದ ಹಾಡಿದರೆ ಜುಬೇದಾಬಿ ಹಿಂದಿನಿಂದ "ಗೀಯ ಗಾ ಗೀಯ" ಎಂದು ಎತ್ತಿ ಹಿಡಿಯುತ್ತಾಳೆ. ಇಬ್ಬರೂ ಜಗಳ ಆಡದ ದಿನ ಯಾತ್ರಿಕರು ಏನೋ ಕೆಟ್ಟದ್ದಾಗಿದೆ ಎಂದು ದೇವಿಗೆ ಒಂದು ಕಾಯಿ ಹೆಚ್ಚು ಒಡೆಸುತ್ತಾರೆ.

ಗೀಗೀ ಪದದಲ್ಲಿ ಎರಡು ಪಂಗಡ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಎಂದು. ಒಬ್ಬರು ಮಂದಿಯ ಮುಂದೆ ಸವಾಲು ಹಾಕಿದರೆ ಇನ್ನೊಬ್ಬರು ಹಾಡಿಯೇ ಜವಾಬು ಕೊಡಬೇಕು. ನಾಗೇಶಿಯವರು ಕೈಯಲ್ಲಿ ಹಿಡಿದು ಬಡಿಯುವ ದಪ್ಪು ವಾದ್ಯದ ಮೇಲೆ ಕಲ್ಗಿ, ಹರದೇಶಿಯವರ ದಪ್ಪಿನ ಮೇಲೆ ತುರಾಯಿ. ಎರಡೂ ಗರಿಯ ಗೊಂಡೆಗಳೇ, ಆದರೆ ಒಂದನ್ನು ಇನ್ನೊಂದರ ಹೆಸರಿನಿಂದ ಕರೆದವನ ಹಲ್ಲು ಉಳಿಯುವುದಿಲ್ಲ. ಜವಾಬು ಬಾರದವರು ತಮ್ಮದನ್ನು ಬಿಚ್ಚಿ ಕೊಡಬೇಕು. ಮತ್ತೆ ಗೆದ್ದು ತರುವವರೆಗೆ ಮುಂದಿನ ಸಾಲಿನಲ್ಲಿ ಕೂತು ಹಾಡುವ ಹಾಗಿಲ್ಲ.

ರಾಯವ್ವನ ಕಲ್ಗಿ ಅವಳ ಅತ್ತೆ ಪದ್ಮವ್ವನದು. ಒಲೆ ಮುಂದೆ ರೊಟ್ಟಿ ಬಡಿಯುತ್ತ ಬಡಿಯುತ್ತ ಸೊಸೆಗೆ ಪದ ಕಲಿಸಿದಾಕೆ. ತಾಳ ತಪ್ಪಿದರೆ ಹಿಟ್ಟಿನ ಕೈಯಿಂದಲೇ ಬೆನ್ನಿಗೆ ತಾಳ ಹಾಕುತ್ತಿದ್ದಳು. ಸಾಯುವ ಕಾಲಕ್ಕೆ ಮೈಮೇಲಿನ ಬಂಗಾರವನ್ನೆಲ್ಲ ಹೆಣ್ಣುಮಕ್ಕಳಿಗೆ ಹಂಚಿ ಕಲ್ಗಿಯನ್ನು ಮಾತ್ರ ಸೊಸೆಗೆ ಕೊಟ್ಟಳು. ರಾಯವ್ವ ಆ ಬಂಗಾರದ ಸುದ್ದಿಯನ್ನು ಜನ್ಮದಲ್ಲಿ ಎತ್ತಲಿಲ್ಲ. ದೊಡ್ಡ ಪಾಲು ತನಗೇ ಬಂತು ಎಂದು ಇವತ್ತಿಗೂ ನಂಬಿದ್ದಾಳೆ.

ಅಂಥ ಕಲ್ಗಿಗೆ ಕುತ್ತು ಬಂದದ್ದು ಬೈಗುಳದಿಂದಲ್ಲ, ಹೊಗಳಿಕೆಯಿಂದ.

ಆಷಾಢದಲ್ಲಿ ಬೈಲಹೊಂಗಲದ ಕಾಲೇಜೊಂದರಲ್ಲಿ ಜಾನಪದ ದಿನ ಇಟ್ಟುಕೊಂಡಿದ್ದರು. ರಾಯವ್ವನ ಮೇಳವನ್ನೂ ಕರೆದರು, ತೊರಗಲ್ಲಿನ ದುರ್ಗಪ್ಪನನ್ನೂ ಕರೆದರು. ಈ ದುರ್ಗಪ್ಪ ಹರದೇಶಿಯವ. ಅವನ ಮೀಸೆ ಎಷ್ಟು ದೊಡ್ಡದೆಂದರೆ ತೊಳೆದ ದಿನ ಕೋಟೆ ಗೋಡೆಯ ಮೇಲೆ ಹರವಿ ಒಣಹಾಕುತ್ತಾನೆ. ಗಂಡು ಹೆಚ್ಚು ಎಂದು ಊರೂರಿಗೆ ಹಾಡಿ ಮನೆಗೆ ಹೋದ ಮೇಲೆ ಹೆಂಡತಿ ಕೂಗುವ ಮೊದಲೇ ಕೊಡ ಹಿಡಿದು ನಳಕ್ಕೆ ಹೊರಡುತ್ತಾನೆ. ಅದಿರಲಿ. ರಾಯವ್ವ ಆ ದಿನ ತಾನೇ ಕಟ್ಟಿದ ಪದ ಹಾಡಿದಳು:

ಒಲಿಯ ಮುಂದ ಕುಂತಾಳ ಹೆತ್ತವ್ವ ನನ್ನವ್ವ
ಅವಳ ಕೈಯಾಗ ಕಾಲ ತಿರಗತೈತಿ
ರೊಟ್ಟಿ ತಟ್ಟಿದರ ಹುಣ್ಣಿವಿ
ಹರದು ಕೊಟ್ಟರ ಅಮಾಸಿ

ಕನ್ನಡ ಕಲಿಸುವ ವಿರೂಪಾಕ್ಷ ಸರ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ಇನ್ನೂ ಸಣ್ಣ ವಯಸ್ಸು, ಗಾಳಿ ಬೀಸಿದರೆ ಹಾಜರಿ ಪುಸ್ತಕ ಹಿಡಿದುಕೊಂಡು ನಿಲ್ಲಬೇಕು, ಅಷ್ಟು ಸಪೂರ. ಎದ್ದು ಮೈಕ್ ಹಿಡಿದು, ರಾಯವ್ವನ ಕಡೆ ಕೈ ಚಾಚಿ, ಎದುರಿಗೆ ಕೂತ ವಿದ್ಯಾರ್ಥಿಗಳನ್ನು ಕೇಳಿದರು: "ಎಂಥಾ ಸಾಲು ನೋಡ್ರಿ ಇದು. ಇದರಾಗ ಇರೋ ಅಲಂಕಾರ ಯಾವುದು? ಉಪಮೆಯೋ, ರೂಪಕವೋ, ಉತ್ಪ್ರೇಕ್ಷೆಯೋ, ಅತಿಶಯೋಕ್ತಿಯೋ? ಹೇಳ್ರಿ ನೋಡೂಣು."

ಯಾರಾದರೂ ಬಾಯಿ ಬಿಡುವುದರೊಳಗೆ ಕರೆಂಟ್ ಹೋಯಿತು. ಮೈಕ್ ಸತ್ತಿತು. ಶಿರಾ ಉಪ್ಪಿಟ್ಟಿನ ವಾಸನೆ ಬಂದದ್ದರಿಂದ ಸಭೆಯೂ ಎದ್ದಿತು. ಪ್ರಶ್ನೆ ಅಲ್ಲೇ ನಿಂತಿತು.

ಊಟದ ಸಾಲಿನಲ್ಲಿ ರಾಯವ್ವ ಆ ಪ್ರಶ್ನೆಯನ್ನೇ ಅಗಿಯುತ್ತಿದ್ದಳು. ತನ್ನ ಪದ ಮುಗಿದ ಕೂಡಲೇ ಎದ್ದು ನಿಂತು, ಮಂದಿಯ ಮುಂದೆ, ತನ್ನದೇ ಸಾಲು ಹಿಡಿದು ಕೇಳಿದ ಮೇಲೆ ಅದು ಸವಾಲಲ್ಲದೆ ಮತ್ತೇನು? ಮೇಳದಲ್ಲಿ ಹುಟ್ಟಿ ಬೆಳೆದವರಿಗೆ ಇದರಲ್ಲಿ ಸಂಶಯವೇ ಇಲ್ಲ. ಪ್ರಶ್ನೆ ಮಕ್ಕಳಿಗೆ ಎಂಬುದು ನಿಮಗೆ ನಮಗೆ ತಿಳಿಯುತ್ತದೆ. ಅವಳಿಗೆ ಮಕ್ಕಳು ಸಾಕ್ಷಿ ಮಾತ್ರ. ದುರ್ಗಪ್ಪನಿಗೂ ಹಾಗೇ ಅನ್ನಿಸಿತು. ಅವನು ಶಿರಾ ನುಂಗುವ ಮೊದಲು ಸುದ್ದಿ ಉಗುಳಿದ. ಸಂಜೆಯೊಳಗೆ ಬೈಲಹೊಂಗಲ, ಸವದತ್ತಿ, ರಾಮದುರ್ಗ, ಮೂರೂ ತಾಲೂಕಿನ ಮೊಬೈಲುಗಳಲ್ಲಿ ಒಂದೇ ಮಾತು: ಪ್ರೊಫೆಸರ್ ಸವಾಲು ಹಾಕ್ಯಾನ, ರಾಯವ್ವ ಜವಾಬು ಕೊಡಲಾರದ ಉಂಡು ಎದ್ದು ಬಂದಾಳ. ಬೆನ್ನಿಗೇ ತೊರಗಲ್ಲಿನಿಂದ ಹೇಳಿಕೆ ಬಂತು. ನಾಗರ ಪಂಚಮಿಯ ಮರುದಿನ ಅಲ್ಲಿ ಪ್ರತಿವರ್ಷ ಎರಡೂ ಮೇಳದ ಹಾಡಿಕೆ. ಈ ಸಲ ರಾಯವ್ವ ಮೊದಲು ಆ ಜವಾಬು ಹಾಡಬೇಕು, ಇಲ್ಲವೆ ಕಲ್ಗಿ ಬಿಚ್ಚಿಟ್ಟು ಹಿಂದೆ ಕೂರಬೇಕು.

ಜುಬೇದಾಬಿಯ ಸೊಸೆ ಹಿನಾಕೌಸರ ಸವದತ್ತಿಯಲ್ಲಿ ಹೈಸ್ಕೂಲಿನ ಕನ್ನಡ ಟೀಚರ್. ಇಬ್ಬರೂ ಮುದುಕಿಯರು ಅವಳ ಮನೆಗೆ ಹೋದರು, ನಾನೂ ಚಹಾದ ಆಸೆಗೆ ಬೆನ್ನು ಹತ್ತಿದೆ.

"ನಾಕು ಮಂದಿ ಇರತಾರ ನೋಡ್ರಿ" ಎಂದು ಹಿನಾಕೌಸರ ಶುರುಮಾಡಿದಳು. "ಯಾವುದರ ಬಗ್ಗೆ ಹೇಳತೇವಿ ಅದು ಉಪಮೇಯ. ಯಾವುದಕ್ಕ ಹೋಲಸತೇವಿ ಅದು ಉಪಮಾನ. ಎರಡಕ್ಕೂ ಇರೋ ಒಂದ ಗುಣ ಸಮಾನಧರ್ಮ. 'ಹಾಂಗ' ಅಂತ ಎರಡನ್ನೂ ಜೋಡಸೋದು ಉಪಮಾವಾಚಕ. ರೊಟ್ಟಿ ಚಂದ್ರನ ಹಾಂಗ ದುಂಡಗದ ಅಂದ್ರ ನಾಕೂ ಬಂದ್ವು. ಇದು ಉಪಮೆ."

ರಾಯವ್ವ ನಾಲ್ಕು ಬೆರಳು ಮಡಚಿದಳು. "ಅಂದ್ರ ಹುಡುಗಿ, ಹುಡುಗ, ಮನೆತನ, ದಲ್ಲಾಳಿ. ಹೌದಿಲ್ಲೋ?"

ಹಿನಾಕೌಸರ ನಕ್ಕು, ಹಾಗಂದರೂ ನಡೆಯುತ್ತದೆ ಅಂದಳು. ಅದೊಂದು ಮಾತು ಅವಳು ಅನ್ನಬಾರದಿತ್ತು. ಅಲ್ಲಿಂದ ಮುಂದೆ ಇಡೀ ಅಲಂಕಾರಶಾಸ್ತ್ರ ಮದುವೆ ಚಪ್ಪರದೊಳಗೆ ಹೊಕ್ಕಿತು, ಹೊರಗೆ ಬರಲೇ ಇಲ್ಲ. 'ಹಾಂಗ' ಅನ್ನದೆ ರೊಟ್ಟಿಯೇ ಚಂದ್ರ ಅಂದರೆ ರೂಪಕ ಎಂದು ಟೀಚರ್ ಹೇಳಿದಳು. ದಲ್ಲಾಳಿ ಇಲ್ಲದೆ ಓಡಿಹೋಗಿ ಆದ ಮದುವೆ ಎಂದು ರಾಯವ್ವ ಬರೆದುಕೊಳ್ಳದೆ ಬರೆದುಕೊಂಡಳು. ಚಂದ್ರನೇ ಒಲೆಯ ಮುಂದೆ ಇಳಿದು ಬಂದನೋ ಏನೋ ಎಂದು ಊಹಿಸಿದರೆ ಉತ್ಪ್ರೇಕ್ಷೆ. ಮದುವೆ ಆಗಿದೆಯೋ ಇಲ್ಲವೋ ಎಂಬ ಓಣಿಯವರ ಗುಸುಗುಸು ಎಂದಳು ರಾಯವ್ವ. ಇದ್ದದ್ದಕ್ಕಿಂತ ಹೆಚ್ಚು ಮಾಡಿ ಹೇಳಿದರೆ ಅತಿಶಯೋಕ್ತಿ ಎಂದು ಟೀಚರ್ ಅಂದಾಗ ಮೂವರೂ ಒಟ್ಟಿಗೆ ನನ್ನ ಕಡೆ ನೋಡಿದರು. ನಾನು ಚಹಾ ಕಡೆ ನೋಡಿದೆ.

"ಅತಿಶಯೋಕ್ತಿಯಾಗ ಇನ್ನೊಂದ ಥರಾ ಐತಿ" ಎಂದು ಹಿನಾಕೌಸರ ಮುಂದುವರಿಸಿದಳು. "ಉಪಮಾನ ಉಪಮೇಯವನ್ನ ನುಂಗಿಬಿಡತೈತಿ."

"ಗಂಡನ ಮನಿಯವರು ಹುಡುಗೀನ ನುಂಗಿದ್ರ ಪೊಲೀಸ ಕೇಸ ಆಗತೈತಿ ತಂಗಿ" ಎಂದಳು ರಾಯವ್ವ. "ಅದು ಅಲಂಕಾರ ಹೆಂಗಾದೀತು?"

ಜುಬೇದಾಬಿ ತೋಬಾ ತೋಬಾ ಅಂದಳು. ಇನ್ನು ಉಳಿದದ್ದು ರಾಯವ್ವನ ಸಾಲನ್ನು ಈ ಚಪ್ಪರದಲ್ಲಿ ಕೂಡಿಸುವುದು. ಅಲ್ಲಿ ಎಲ್ಲರೂ ದಿಕ್ಕು ತಪ್ಪಿದರು. ರೊಟ್ಟಿ ಹುಡುಗಿ, ಸರಿ. ಹುಡುಗ ಚಂದ್ರ. ಆದರೆ ಪದದಲ್ಲಿ ಚಂದ್ರನ ಹೆಸರೇ ಇಲ್ಲ. ಹುಣ್ಣಿವಿ ಅಂತಷ್ಟೇ ಇದೆ. ಹುಣ್ಣಿವಿ ಅನ್ನುವುದು ತಿಥಿ. ಹುಡುಗಿ ಇದ್ದಾಳೆ, ಮುಹೂರ್ತ ಇದೆ, ವರ ಮಾತ್ರ ಪತ್ತೆ ಇಲ್ಲ. ಇಂಥ ಮದುವೆಗೆ ಏನೆನ್ನುತ್ತಾರೆ? ಹಿನಾಕೌಸರ ಚಷ್ಮಾ ತೆಗೆದು ಒರೆಸಿದಳು, ಹಾಕಿಕೊಂಡಳು, ಮತ್ತೆ ತೆಗೆದಳು. ತಮ್ಮ ಪಾಠದ ಉದಾಹರಣೆಗಳಲ್ಲಿ ವರ ತಪ್ಪದೆ ಹಾಜರಿರುತ್ತಾನೆ ಎಂದು ಒಪ್ಪಿಕೊಂಡಳು. ನಾವು ಬರುವಾಗ ನಮ್ಮ ಬಳಿ ಒಂದು ಗೊಂದಲ ಇತ್ತು. ಹೋಗುವಾಗ ಒಂದು ಟೆಂಪೋ ಮಾಡಬೇಕಾಯಿತು, ಅಷ್ಟಾಗಿತ್ತು.

ಅಲ್ಲಿಂದ ರಾಯವ್ವನಿಗೆ ಕಂಡದ್ದೆಲ್ಲ ಅಲಂಕಾರ. ಯಾತ್ರೆಗೆ ಬಂದ ಹೆಣ್ಣುಮಗಳೊಬ್ಬಳು ಕುಂಕುಮ ಕೊಳ್ಳುತ್ತ, ತನ್ನ ಕೂಸು ಬಂಗಾರದಂಥದು ಅಂದರೆ, "'ಅಂಥದು' ಅಂದ್ರಿ, ದಲ್ಲಾಳಿ ಅದಾನ, ಉಪಮೆ" ಎಂದು ಬೆರಳು ಎಣಿಸಿದಳು. ಆ ಹೆಣ್ಣುಮಗಳು ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡು ಪಕ್ಕದ ಅಂಗಡಿಗೆ ಹೋದಳು. ಜುಬೇದಾಬಿಗೆ ರೇಗಿತು.

"ಕತ್ತಿ ಇದ್ದಂಗ ಇದ್ದಿ ನೀ" ಎಂದು ಕತ್ತೆಗೆ ಹೋಲಿಸಿದಳು.

"ಉಪಮೆ."

"ಕತ್ತೀನ ಇದ್ದಿ."

"ರೂಪಕ."

"ಮನಿಷ್ಯಾಳೋ, ಕತ್ತೀನ ಸೀರಿ ಉಟಗೊಂಡ ಬಂದೈತೋ ಯಾಂವಗ ಗೊತ್ತು."

"ಉತ್ಪ್ರೇಕ್ಷೆ. ಇನ್ನೊಂದ ಅಂದಬಿಡ, ನಾಕೂ ಮುಗೀತಾವ."

ಬೈಗುಳಕ್ಕೆಲ್ಲ ಹೆಸರು ಸಿಕ್ಕಿತು, ಆದರೆ ಹಾಡು ನಿಂತಿತು. ತಾಲೀಮಿಗೆ ಕೂತರೆ ರಾಯವ್ವ ಪ್ರತಿ ಸಾಲಿಗೂ ತಡೆದು, ಇಲ್ಲಿ ಹುಡುಗಿ ಯಾರು, ದಲ್ಲಾಳಿ ಎಲ್ಲಿ ಅಡಗಿದ್ದಾನೆ ಎಂದು ಹುಡುಕುವಳು. ಶಟ್ಟೆಪ್ಪ ತುಂತುಣಿ ಮೀಟಿ ಬೆರಳು ಎತ್ತಿದವನು ಹಾಗೇ ಎತ್ತಿಕೊಂಡು ಕೂರುತ್ತಿದ್ದ. ಒಮ್ಮೆ ಗುಬ್ಬಿಯೊಂದು ಬಂದು ಆ ಬೆರಳ ಮೇಲೆ ಗೂಡು ಕಟ್ಟಲು ಜಾಗ ನೋಡಿ ಹೋಯಿತು. ಮೊದಲು ಮೂಗಿನಿಂದ ಉಸಿರು ಬಂದ ಹಾಗೆ ಬರುತ್ತಿದ್ದ ಪದ ಈಗ ಒಂದೊಂದೇ ಮಾತಾಗಿ, ಸೋಸಿ ಸೋಸಿ ಬರುತ್ತಿತ್ತು. ಒಂದು ಮುಂಜಾನೆ ರೊಟ್ಟಿ ಬಡಿಯುವಾಗ ಕೈ ನಿಂತಿತು. ಹಿಟ್ಟು ಒಣಗಿತು. ಅವಳು ಜುಬೇದಾಬಿಯನ್ನು ಕರೆದು ಸಣ್ಣ ದನಿಯಲ್ಲಿ, "ನನ್ನ ಸಾಲಿಗೆ ನಾನ ಅಂಜಾಕ ಹತ್ತೇನವಾ" ಅಂದಳು. ಆ ದಿನ ಜುಬೇದಾಬಿ ಜಗಳ ಆಡಲಿಲ್ಲ.

ಇದೇ ಹೊತ್ತಿಗೆ ವಿರೂಪಾಕ್ಷ ಸರ್ ಮೋಟರ್ ಸೈಕಲ್ ಏರಿ ಉಗರಗೋಳಕ್ಕೆ ಬಂದರು, ಪದ ರೆಕಾರ್ಡ್ ಮಾಡಿಕೊಳ್ಳಬೇಕೆಂದು. ಬೆಂಚಿನ ಮೇಲೆ ಕೂತು ಇಡೀ ಕಥೆ ಕೇಳಿದರು. ಮೊದಲೇ ಸಪೂರ ಮನುಷ್ಯ, ಕೇಳುತ್ತ ಕೇಳುತ್ತ ಬೆಂಚಿನ ಸಂದಿನಲ್ಲಿ ಜಾರಿ ಕೆಳಗೆ ಬೀಳುತ್ತಾರೋ ಅನ್ನುವಷ್ಟು ಕುಗ್ಗಿದರು. ತಾವು ಹೊಗಳಿದ್ದು ಪದವನ್ನು, ಕೇಳಿದ್ದು ಹುಡುಗರನ್ನು ಎಂದು ಕೈಮುಗಿದು ಹೇಳಿದರು. ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದು ಬೇಕಾದರೆ ಊರೂರಿಗೆ ಹೇಳುತ್ತೇನೆ ಅಂದರು.

"ಸವಾಲು ಬಸ್ಸಿನ ಸೀಟಿಗೆ ಹಾಕಿದ ಟವೆಲ್ ಏನ್ರಿ ಸರ, ಹಿಂದಕ್ಕ ತಗೊಳ್ಳಾಕ?" ಎಂದಳು ರಾಯವ್ವ. "ಮಂದಿ ಕೇಳ್ಯಾರ. ಮುಗೀತು."

"ಹಂಗಾದ್ರ ಜವಾಬ ನಾನ ಹೇಳಿಬಿಡತೇನಿ ಅಮ್ಮಾರ. ಅದು..."

ಜುಬೇದಾಬಿ ಅಷ್ಟರಲ್ಲಿ ಸ್ಟೂಲ್ ಎಳೆದುಕೊಂಡು ಸರ್ ಬಾಯಿಯ ಬುಡಕ್ಕೇ ಬಂದು ಕೂತಿದ್ದಳು. ರಾಯವ್ವ ಎರಡೂ ಕಿವಿ ಮುಚ್ಚಿಕೊಂಡಳು. ಸವಾಲು ಹಾಕಿದವರ ಬಾಯಿಂದಲೇ ಜವಾಬು ಕದ್ದು ಹಾಡಿದರೆ ಅತ್ತೆಯ ಕಲ್ಗಿ ತನ್ನ ಕೈಯಲ್ಲೇ ಸುಟ್ಟು ಬೂದಿಯಾಗುತ್ತದೆ ಎಂದಳು. ಅವಳು ಕೇಳಿದ್ದು ಒಂದೇ: ಸರ್ ತೊರಗಲ್ಲಿಗೆ ಬರಬೇಕು, ಅವಳ ಜವಾಬು ಸರಿಯಿದ್ದರೆ ಸರಿ, ತಪ್ಪಿದ್ದರೆ ತಪ್ಪು ಎಂದು ಎದ್ದು ನಿಂತು ಹೇಳಬೇಕು. ಸರ್ ಒಪ್ಪಿದರು. ಬೇರೇನು ಮಾಡಲೂ ಅವರಿಗೆ ತೋಚಲಿಲ್ಲ.

ಮೋಟರ್ ಸೈಕಲ್ಲಿನವರೆಗೆ ಕಳಿಸಲು ಹೋದ ಜುಬೇದಾಬಿ ಅವರ ಹ್ಯಾಂಡಲ್ ಹಿಡಿದು ನಿಂತಳಂತೆ. ಆಕೆ ಉಪಮೆ ಅಂದರೂ ಹೌದು ಅನ್ನಿ, ಉಪ್ಪಿಟ್ಟು ಅಂದರೂ ಹೌದು ಅನ್ನಿ, ಆ ಗರಿ ಹೋದರೆ ಆಕೆ ಬದುಕುವುದಿಲ್ಲ ಎಂದಳಂತೆ. ಇದನ್ನು ಜುಬೇದಾಬಿಯೇ ಆಮೇಲೆ ನನಗೆ ಹೇಳಿದಳು. ಸರ್ ಗಾಡಿ ಶುರು ಮಾಡುವುದನ್ನು ಮರೆತು ಗುಡ್ಡದ ಇಳಿಜಾರಿನಲ್ಲಿ ಹಾಗೇ ಉರುಳಿಕೊಂಡು ಹೋದರು.

ಪಂಚಮಿಯ ಮರುದಿನ ಮಧ್ಯಾಹ್ನ ತೊರಗಲ್ ಕೋಟೆಯ ಕೆಳಗಿನ ಕಟ್ಟೆಯ ಮುಂದೆ ಸಾಸಿವೆ ಚೆಲ್ಲಿದರೆ ನೆಲಕ್ಕೆ ಬೀಳದಷ್ಟು ಜನ. ಗಿಡಗಳಲ್ಲಿ ಜೋಕಾಲಿ ಹಗ್ಗ ಇನ್ನೂ ಬಿಚ್ಚಿರಲಿಲ್ಲ, ಎಲ್ಲರ ಬಾಯಲ್ಲೂ ಉಂಡಿ. ಹಾಡಿಕೆಯ ಪಂಚ ಬುಡನಸಾಬ, ಒಂದು ಕಾಲದಲ್ಲಿ ಲಾರಿ ಓಡಿಸಿದವನು. ಈಗ ನಿಯಮ ಓಡಿಸುತ್ತಾನೆ, ಅದೇ ಜೋರಿನಲ್ಲಿ. ಹೊರಗಿನವರು ಹಾಕಿದ ಸವಾಲಿನ ಕಟ್ಟಳೆಯೇ ಬೇರೆ ಎಂದು ಅವನು ಮೊದಲೇ ಸಾರಿದ. ರಾಯವ್ವನ ಜವಾಬು ತಪ್ಪಾದರೆ ಎದುರು ಮೇಳದ ದುರ್ಗಪ್ಪ ಹೇಳಬೇಕು. ಅವನು ಸರಿಯಾಗಿ ಹೇಳಿದರೆ ಕಲ್ಗಿ ಅವನಿಗೆ. ಅವನೂ ತಪ್ಪಿದರೆ ಅವನ ತುರಾಯಿಯೂ ಇಳಿಯಬೇಕು, ಎರಡೂ ಸವಾಲು ಹಾಕಿದವರಿಗೆ ಹೋಗಬೇಕು. ದುರ್ಗಪ್ಪ ಮೀಸೆ ಸವರಿ ತಲೆಯಾಡಿಸಿದ. ವಿರೂಪಾಕ್ಷ ಸರ್ ಶಾಲು ಹೊದ್ದು ಮುಖ್ಯ ಅತಿಥಿ ಎಂದು ಕೂತಿದ್ದರು. ಈ ಮಾತು ಅವರ ಕಿವಿಗೆ ಬಿತ್ತೋ ಇಲ್ಲವೋ, ಅವರು ರಾಯವ್ವನ ದಪ್ಪನ್ನೇ ನೋಡುತ್ತಿದ್ದರು.

ರಾಯವ್ವ ಎದ್ದಳು. ಶಟ್ಟೆಪ್ಪ ಮೀಟಿದ. ಹಿಂದಿನ ಅಷ್ಟೂ ದಿನ ತಡವರಿಸಿದ ದನಿ ಆ ಹೊತ್ತಿಗೆ ಎಲ್ಲಿತ್ತೋ ಬಂತು, ಕೋಟೆಯ ಪಾರಿವಾಳಗಳು ಎದ್ದು ರಾಮದುರ್ಗ ಮುಟ್ಟಿ ವಾಪಸ್ ಬಂದವು.

ಹುಡಿಗಿ ನೋಡಿದರ ರೊಟ್ಟಿ, ಹುಡುಗ ಚಂದಪ್ಪಾ
ನಡುವಿನ ದಲ್ಲಾಳಿನ ಓಡಿಸ್ಯಾರ
ಕೂಡಿ ಒಂದಾದ ಮ್ಯಾಲ ಹೆಸರೇನ ಕೇಳತೀರಿ
ರೂಪಕ ಅಂತೇನಿ ಸಭೆಯವರ

ಜುಬೇದಾಬಿ "ಗೀಯ ಗಾ ಗೀಯ" ಎಂದು ಹಿಡಿದಳು, ಜನ ಸಿಳ್ಳೆ ಹಾಕಿದರು. ಆಮೇಲೆ ಎಲ್ಲರೂ ಸರ್ ಕಡೆ ತಿರುಗಿದರು. ಬುಡನಸಾಬ ಮೈಕ್ ಕೊಟ್ಟ. ಅವರು ಅದನ್ನು ಈಗಷ್ಟೇ ಎಣ್ಣೆಯಿಂದ ತೆಗೆದ ಮಿರ್ಚಿಯ ಹಾಗೆ ಹಿಡಿದುಕೊಂಡರು.

"ಪದ ಭಾಳ ಚಲೋ ಆತು" ಅಂದರು.

"ಅದನ್ನ ಕೇಳಿಲ್ರಿ ಸರ" ಅಂದಳು ರಾಯವ್ವ.

ಸರ್ ಜುಬೇದಾಬಿಯನ್ನು ನೋಡಿದರು. ಜುಬೇದಾಬಿ ಕಣ್ಣಲ್ಲೇ ಹೌದು ಅನ್ನಿ, ಹೌದು ಅನ್ನಿ ಎಂದು ಬಡಿದುಕೊಳ್ಳುತ್ತಿದ್ದಳು. ಅವರು ಮತ್ತೆ ರಾಯವ್ವನನ್ನು ನೋಡಿದರು.

"ತಪ್ಪು" ಅಂದರು.

ಉಂಡಿ ಅಗಿಯುವ ಸದ್ದೂ ನಿಂತಿತು. ದುರ್ಗಪ್ಪ ಎದ್ದ. ಊರ ಹುಡುಗರ ಗೈಡುಗಳನ್ನೆಲ್ಲ ಉಜ್ಜಿ ಉಜ್ಜಿ ಸವೆಸಿದವನು. ಉತ್ಪ್ರೇಕ್ಷೆ, ಉತ್ಪ್ರೇಕ್ಷೆ, ಉತ್ಪ್ರೇಕ್ಷೆ ಎಂದು ಮೂರು ಸಲ ಹಾಡಿ ಮೀಸೆ ತಿರುವಿ ಕೂತ. ಅದೂ ತಪ್ಪೆಂದರು ಸರ್. ಮೀಸೆ ತಿರುವಿದ ಕೈ ಹಾಗೇ ಕಿವಿಯ ಹತ್ತಿರ ಉಳಿಯಿತು.

ಆಮೇಲೆ ಸರ್ ವಿವರಿಸಿದರು, ಪಾಪ, ಬೆವರುತ್ತ. ರೂಪಕ ಆಗಬೇಕಾದರೆ ರೊಟ್ಟಿ ಚಂದ್ರ ಎರಡೂ ಇದ್ದು, ಇದೇ ಅದು ಅನ್ನಬೇಕು. ಇಲ್ಲಿ ಚಂದ್ರನ ಹೆಸರಿಲ್ಲ. 'ಏನೋ' ಎಂಬ ಊಹೆಯೂ ಇಲ್ಲ, ಆದ್ದರಿಂದ ಉತ್ಪ್ರೇಕ್ಷೆಯೂ ಅಲ್ಲ. ರೊಟ್ಟಿ ತಟ್ಟುವುದಕ್ಕೂ ಹುಣ್ಣಿಮೆ ಆಗುವುದಕ್ಕೂ ಲೋಕದಲ್ಲಿ ಸಂಬಂಧ ಇಲ್ಲ. ಇಲ್ಲದ ಸಂಬಂಧ ಇದೆ ಎಂದು ಹೇಳಿದ್ದರಿಂದ ಇದು ಅತಿಶಯೋಕ್ತಿ.

ಸಭೆಗೆ ಒಂದು ಅಕ್ಷರವೂ ಹೊಗಲಿಲ್ಲ. ಹಿಂದಿನಿಂದ ಒಬ್ಬ ಮುದುಕ ಎದ್ದು, ಹುಣ್ಣಿವಿಗೆ ರೊಟ್ಟಿ ಯಾರು ಮಾಡುತ್ತಾರೆ, ಹೋಳಿಗೆ ಮಾಡುತ್ತಾರೆ, ಪದವೇ ತಪ್ಪು ಅಂದ. ತನ್ನ ಮನೆಯಲ್ಲಿ ರೊಟ್ಟಿಯೇ ಮಾಡುತ್ತಾರೆ ಎಂದು ಇನ್ನೊಬ್ಬ ಅಂದ. ಹಾಗಾದರೆ ಸಂಬಂಧ ಇದೆಯಲ್ಲ ಎಂದು ಮೂರನೆಯವನು ಸರ್‌ಗೆ ಗಂಟುಬಿದ್ದ. ಅರ್ಧ ಸಭೆ ಹೋಳಿಗೆ, ಅರ್ಧ ಸಭೆ ರೊಟ್ಟಿ. ಆ ಗದ್ದಲದಲ್ಲಿ ನನಗೂ ತಿಳಿದದ್ದು ಮರೆತುಹೋಯಿತು. ಬುಡನಸಾಬ ಲಾರಿ ಹಾರ್ನಿನಂಥ ದನಿಯಲ್ಲಿ ಎಲ್ಲರನ್ನೂ ಕೂರಿಸಿ ತೀರ್ಪು ಹೇಳಿದ: ಕಲ್ಗಿ, ತುರಾಯಿ ಎರಡೂ ಸರ್‌ಗೆ. ಇಟ್ಟುಕೊಂಡವರು ಮುಂದಿನ ಪಂಚಮಿಗೆ ಹಾಡಬೇಕು. ಎರಡೂ ಇರುವುದರಿಂದ ಮೊದಲು ಗಂಡು ಹೆಚ್ಚು ಎಂದು ಹಾಡಿ, ಆಮೇಲೆ ಅದನ್ನು ತಾವೇ ಖಂಡಿಸಿ ಹೆಣ್ಣು ಹೆಚ್ಚು ಎಂದು ಹಾಡಬೇಕು. ಸೋತರೆ ಅವರವರದು ಅವರವರಿಗೆ.

"ನನಗ ಹಾಡಾಕ ಬರೂದಿಲ್ರಿ" ಅಂದರು ಸರ್, ಇಷ್ಟೇ ಇಷ್ಟು ದನಿಯಲ್ಲಿ.

ಸವಾಲು ಹಾಕುವ ಮುಂಚೆ ಅದನ್ನು ವಿಚಾರ ಮಾಡಬೇಕಿತ್ತು ಎಂದ ಬುಡನಸಾಬ.

ರಾಯವ್ವ ದಪ್ಪನ್ನು ತೊಡೆಯ ಮೇಲೆ ಇಟ್ಟುಕೊಂಡು ಗಂಟು ಬಿಚ್ಚತೊಡಗಿದಳು. ಪದ್ಮವ್ವ ಹಾಕಿದ ಗಂಟು, ಬಿಚ್ಚುತ್ತಿರಲಿಲ್ಲ. ಯಾರೋ ಕತ್ತರಿ ಕೊಡಲು ಬಂದರು, ಅವಳು ಬೇಡ ಅಂದಳು. ಉಗುರಿನಿಂದ, ಹಲ್ಲಿನಿಂದ ಬಿಡಿಸಿ, ಗರಿ ನೇವರಿಸಿ, ಎದ್ದು ಹೋಗಿ ಸರ್ ಕೈಯಲ್ಲಿ ಇಟ್ಟಳು. ಮಳೆ ಹನಿ ತಾಗಿಸಬಾರದು, ಅರಿವೆಯಲ್ಲಿ ಸುತ್ತಿ ಬೇವಿನ ಎಲೆ ಹಾಕಿಡಬೇಕು, ಇಲ್ಲದಿದ್ದರೆ ಹುಳ ಬೀಳುತ್ತದೆ ಎಂದು ಹೇಳಿದಳು. ಸರ್ ಕಣ್ಣು ತುಂಬಿಕೊಂಡು ತಪ್ಪಾಯಿತು ಅಂದರು.

"ನಿಮ್ಮದೇನ ತಪ್ಪರಿ? ನೀವು ಸುಳ್ಳ ಹೌದಂದಿದ್ರ ನಾ ಇದನ್ನ ಇಟಗೊಂತಿದ್ದಿಲ್ಲ" ಅಂದಳು. ಜುಬೇದಾಬಿ ಕೋಟೆಯ ಗೋಡೆಯಲ್ಲಿ ಎಷ್ಟು ಕಲ್ಲಿವೆ ಎಂದು ನೋಡುತ್ತಿದ್ದಳು.

ಮುಂದಿನ ರವಿವಾರ ಸರ್ ಉಗರಗೋಳಕ್ಕೆ ಬಂದರು. ಹೆಣ್ಣು ಹೆಚ್ಚು ಎಂದು ಹಾಡುವುದನ್ನು ಕಲಿಯಲು ಅವರಿಗೆ ಬೇರೆ ಯಾರಿದ್ದಾರೆ? ಗಂಡು ಹೆಚ್ಚು ಎಂಬ ಭಾಗಕ್ಕೆ ದುರ್ಗಪ್ಪನ ಮನೆಗೂ ಹೋಗಿದ್ದರಂತೆ, ಅವನು ನೀರು ತರಲು ಹೋಗಿದ್ದನಂತೆ. ಹೊಸ ದಪ್ಪು ಕೊಂಡು ಕಲ್ಗಿ ಕಟ್ಟಿಕೊಂಡು ಬಂದಿದ್ದರು, ತಿರುವುಮುರುವಾಗಿ. ರಾಯವ್ವ ಮಾತಾಡದೆ ಅದನ್ನು ಬಿಚ್ಚಿ ನೆಟ್ಟಗೆ ಕಟ್ಟಿದಳು. ಸರ್ ಒಂದು ಪಟ್ಟು ಬಡಿದು "ಗೀಯ" ಅಂದರು. ಗುಡ್ಡದ ಮೇಲಿನ ಮಂಗಗಳೆಲ್ಲ ತಮ್ಮವನೊಬ್ಬ ಎಲ್ಲೋ ಸಿಕ್ಕಿಬಿದ್ದಿದ್ದಾನೆ ಎಂದು ಇಳಿದು ಬಂದವು.

ಜುಬೇದಾಬಿ ರಾಯವ್ವನನ್ನು ಒಳಗೆ ಎಳೆದುಕೊಂಡು ಹೋಗಿ ಬುದ್ಧಿ ಹೇಳಿದಳು. ಇವರಿಗೆ ಕೆಟ್ಟದಾಗಿ ಕಲಿಸು, ಅಥವಾ ಕಲಿಸಲೇ ಬೇಡ, ಹೀಗೇ ಬಿಡು. ಮುಂದಿನ ಪಂಚಮಿಗೆ ನೀನೊಂದು ಸವಾಲು ಹಾಕಿದರೆ ಕಲ್ಗಿ ತಾನೇ ನಡೆದುಕೊಂಡು ಮನೆಗೆ ಬರುತ್ತದೆ.

ರಾಯವ್ವ ಎರಡೂ ಕಡೆ ತೂಗಿ ನೋಡಿದಳು. ಚೆನ್ನಾಗಿ ಕಲಿಸಿದರೆ ಅತ್ತೆಯ ಗರಿ ಬೈಲಹೊಂಗಲದಲ್ಲೇ ಉಳಿದೀತು. ಕೆಟ್ಟದಾಗಿ ಕಲಿಸಿದರೆ ಇಡೀ ತೊರಗಲ್ಲಿನ ಮುಂದೆ ಆ ಗರಿ ತಾಳ ತಪ್ಪಿದ ದಪ್ಪಿನ ಮೇಲೆ ಕುಣಿಯಬೇಕು, ಜನ ನಗಬೇಕು. ಹೊರಗೆ ಸರ್ ಮತ್ತೊಂದು ಪಟ್ಟು ಬಡಿದರು, ಅದೂ ತಪ್ಪು.

"ಏನ ಮಾಡಬೇಕಂತ ನನಗ ತಿಳೀವಲ್ದು" ಅಂದಳು. "ಆದ್ರ ಆ ತಪ್ಪ ತಾಳಾ ಕೇಳಕೊಂತ ಕುಂದ್ರಾಕಂತೂ ಆಗೂದಿಲ್ಲ."

ಹೊರಗೆ ಬಂದು ಸರ್ ಎದುರಿಗೆ ಕೂತು ಅವರ ಹೆಬ್ಬೆರಳನ್ನು ದಪ್ಪಿನ ಅಂಚಿನಿಂದ ಬಿಡಿಸಿ ಸರಿಯಾದ ಜಾಗಕ್ಕೆ ಇಟ್ಟಳು. ಅವರು, ತಾವು ಕಲಿಯಬೇಕಾದ ಪದದ ಒಟ್ಟು ಅರ್ಥ ಏನೆಂದು ಮೊದಲು ತಿಳಿದುಕೊಳ್ಳಲೇ ಎಂದು ಕೇಳಿದರು. ಅರ್ಥ ಎಲ್ಲಿಗೂ ಹೋಗುವುದಿಲ್ಲ, ಮೊದಲು ಬಡೀರಿ ಎಂದಳು ರಾಯವ್ವ.